ಹೊಸ ಕೌನ್ಸಿಲ್ ಮನೆಗಳು: ‘ಸಮಾನತೆಗೆ ಆದ್ಯತೆ’ ಅಂತ ಬರೆದಿದ್ದಾರೆ, ಪರೀಕ್ಷಿಸೋದು ಹೇಗೆ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ, ಲಂಡನ್ನಿನ ಹೊರಗಿನ ಒಂದು ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಬಾಡಿಗೆದಾರರ ಸಮಿತಿಯಲ್ಲಿದ್ದೇನೆ. ಹಳೇ ಗ್ಯಾರೇಜುಗಳಿರುವ ಜಾಗದಲ್ಲಿ 64 ಹೊಸ ಮನೆ ಕಟ್ಟುವ ಯೋಜನೆ ನಮ್ಮ ಮುಂದೆ ಬಂದಿದೆ. ನಾಲ್ಕು ಮಹಡಿಯ ಎರಡು ಬ್ಲಾಕು, ಪಕ್ಕದಲ್ಲಿ ಎರಡು ಅಂತಸ್ತಿನ ಒಂದು ಸಾಲು ಮನೆ. ಕರಪತ್ರದಲ್ಲಿ ಇರೋದು ಇಷ್ಟು: ಎಲ್ಲ ಮನೆಗಳೂ ‘ಅಫೋರ್ಡಬಲ್’, ಶೇ 10 ಮನೆಗಳು ವೀಲ್‌ಚೇರ್ ಬಳಸುವವರಿಗೆ, ಸಮಾನತೆಗೆ ಆದ್ಯತೆ.

ಪ್ಲಾನಿಂಗ್ ಅರ್ಜಿ ಹಾಕುವ ಮುಂಚೆ ಸಮಿತಿಯ ಅಭಿಪ್ರಾಯ ಕೇಳಿದ್ದಾರೆ. ‘ಚೆನ್ನಾಗಿದೆ’ ಅಂತ ಬರೆದು ಕಳಿಸಲು ಮನಸ್ಸಿಲ್ಲ. ನಕ್ಷೆಯಲ್ಲಿ ಏನು ನೋಡಬೇಕು, ಯಾವ ಕಾಗದ ಕೇಳಬೇಕು, ಸಾಮಾನ್ಯವಾಗಿ ಇಂಥ ಯೋಜನೆ ಎಲ್ಲಿ ಎಡವುತ್ತದೆ? ಬಲ್ಲವರು ಬಿಡಿಸಿ ಹೇಳಿ.

ನಕ್ಷೆಪೆಟ್ಟಿಗೆ:

‘ಶೇ 10 ವೀಲ್‌ಚೇರ್ ಮನೆ’ ಅನ್ನುವ ಮಾತನ್ನೇ ಮೊದಲು ಹಿಡಿಯಿರಿ. ಅದರಲ್ಲಿ ಎರಡು ಬೇರೆ ಬೇರೆ ಮನೆಗಳು ಅಡಗಿವೆ.

ಕಟ್ಟಡ ನಿಯಮಗಳ ಪಾರ್ಟ್ ಎಂ ಪ್ರಕಾರ ಮೂರು ದರ್ಜೆ. ಎಂ4(1) ಅಂದರೆ ಅತಿಥಿಯಾಗಿ ಬಂದವರು ಒಳಗೆ ಬಂದು, ಕೂತು, ಶೌಚಾಲಯ ಬಳಸಿ ಹೋಗಬಹುದು, ಅಷ್ಟೇ. ಎಂ4(2) ಅಂದರೆ ಮುಂದೆ ಸುಲಭವಾಗಿ ಬದಲಾಯಿಸಿಕೊಳ್ಳಬಹುದಾದ ಮನೆ. ಎಂ4(3) ವೀಲ್‌ಚೇರ್ ಬಳಸುವವರ ಮನೆ, ಅದರಲ್ಲೂ ಎರಡು ಬಗೆ: (2)(ಎ) ಅಂದರೆ ‘ಮುಂದೆ ಹೊಂದಿಸಿಕೊಳ್ಳಬಹುದು’, (2)(ಬಿ) ಅಂದರೆ ‘ಬೀಗದ ಕೈ ಕೊಟ್ಟ ದಿನವೇ ವಾಸಕ್ಕೆ ಸಿದ್ಧ’. (ಎ) ಮನೆಯಲ್ಲಿ ಜಾಗ ಇರುತ್ತದೆ, ಆದರೆ ಅಡುಗೆಕಟ್ಟೆ ಮಾಮೂಲಿ ಎತ್ತರ, ಸ್ನಾನಕ್ಕೆ ಟಬ್ಬು. ಬಂದವರು ಮತ್ತೆ ಒಡೆಸಬೇಕು. (ಬಿ) ಬಗೆಯನ್ನು ಕೇಳಲು ಅವಕಾಶ ಇರುವುದೇ ಬಾಡಿಗೆದಾರರನ್ನು ಕೌನ್ಸಿಲ್ ಆರಿಸುವ ಮನೆಗಳಲ್ಲಿ. ನಿಮ್ಮದು ಪೂರ್ತಿ ಕೌನ್ಸಿಲ್ ಯೋಜನೆ. ಹಾಗಾಗಿ (ಎ) ಸಾಕು ಅನ್ನುವುದಕ್ಕೆ ಖರ್ಚು ಬಿಟ್ಟರೆ ಬೇರೆ ಕಾರಣ ಇಲ್ಲ.

ಇನ್ನೊಂದು ವಿಷಯ, ಎಂ4(2) ಮತ್ತು ಎಂ4(3) ಎರಡೂ ‘ಐಚ್ಛಿಕ’ ನಿಯಮಗಳು. ಪ್ಲಾನಿಂಗ್ ಅನುಮತಿಯ ಷರತ್ತಿನಲ್ಲಿ ಬರೆದಿದ್ದರೆ ಮಾತ್ರ ಕಟ್ಟಡ ತಪಾಸಣೆಯವರು ಅದನ್ನು ಜಾರಿ ಮಾಡುತ್ತಾರೆ. ಡಿಸೈನ್ ಆ್ಯಂಡ್ ಆ್ಯಕ್ಸೆಸ್ ಸ್ಟೇಟ್‌ಮೆಂಟ್‌ನಲ್ಲಿ (ಅರ್ಜಿಯ ಜೊತೆ ಕೊಡುವ ವಿನ್ಯಾಸದ ವಿವರಣೆಯಲ್ಲಿ) ಎಷ್ಟು ಚಂದ ಬರೆದರೂ ಷರತ್ತಿನಲ್ಲಿ ಇಲ್ಲದಿದ್ದರೆ ಎಂ4(1) ಕಟ್ಟಿ ಕೈ ತೊಳೆದುಕೊಳ್ಳಬಹುದು. ಎಂ4(2) ಅನ್ನೇ ಕನಿಷ್ಠ ಮಟ್ಟ ಮಾಡುತ್ತೇವೆ ಅಂತ ಸರ್ಕಾರ 2022ರಲ್ಲಿ ಹೇಳಿತು. ಘೋಷಣೆ ನೆಚ್ಚಿಕೊಂಡು ಕೂರಬೇಡಿ, ಷರತ್ತಿನಲ್ಲಿ ಮನೆ ನಂಬರ್ ಸಮೇತ ಬರೆಸಿ. ‘ಪ್ಲಾಟ್ 3, 4, 17... ಎಂ4(3)(2)(ಬಿ), ಉಳಿದವೆಲ್ಲ ಎಂ4(2)’ ಅಂತ. ಬರೀ ಶೇಕಡಾವಾರು ಬರೆದರೆ ಕಟ್ಟುವ ಹೊತ್ತಿಗೆ ಆ ಆರು ಮನೆ ಅತಿ ಮೂಲೆಯ, ಬಿಸಿಲು ಬೀಳದ ಜಾಗಕ್ಕೆ ಸರಿದಿರುತ್ತವೆ.

ನಕ್ಷೆಯಲ್ಲಿ ಸ್ಕೇಲ್ ಇಟ್ಟು ನೋಡಬೇಕಾದ ಅಳತೆಗಳು:

ಎಂ4(2) ಮನೆಗೆ ಮುಂಬಾಗಿಲ ಹೊರಗೆ 1200 × 1200 ಮಿಮೀ ಸಮತಟ್ಟು ಜಾಗ. ಮುಂಬಾಗಿಲ ತೆರವು (ಬಾಗಿಲು ತೆರೆದಾಗ ಹಾದುಹೋಗಲು ಸಿಗುವ ಅಗಲ) 850 ಮಿಮೀ. ಹೊಸ್ತಿಲು 15 ಮಿಮೀ ಮೀರಬಾರದು. ಒಳಗಿನ ಓಣಿ 900 ಮಿಮೀ. ಬಾಗಿಲಿಗೆ ನೇರವಾಗಿ ಹೋಗುವುದಾದರೆ ತೆರವು 750 ಸಾಕು, ಓಣಿಯಿಂದ ಪಕ್ಕಕ್ಕೆ ತಿರುಗಬೇಕಾದರೆ 750ರ ಬಾಗಿಲಿಗೆ 1200 ಅಗಲದ ಓಣಿ, 775ರ ಬಾಗಿಲಿಗೆ 1050ರ ಓಣಿ ಬೇಕು. ಅಡುಗೆಕಟ್ಟೆಯ ಮುಂದೆ 1200. ದೊಡ್ಡ ಮಲಗುವ ಕೋಣೆಯಲ್ಲಿ ಮಂಚದ ಎರಡೂ ಪಕ್ಕ ಮತ್ತು ಕಾಲ ಬಳಿ 750. ಸ್ವಿಚ್ಚು, ಸಾಕೆಟ್ಟು ನೆಲದಿಂದ 450ರಿಂದ 1200ರೊಳಗೆ.

ಎಂ4(3)ಗೆ ತಿರುಗಲು 1500 ಮಿಮೀ ವೃತ್ತ, ಓಣಿ 1050, ಒಳಬಾಗಿಲ ತೆರವು 850, ವೀಲ್‌ಚೇರ್ ನಿಲ್ಲಿಸಿ ಇನ್ನೊಂದಕ್ಕೆ ಬದಲಾಯಿಸಲು 1100 × 1700 ಜಾಗ, ಅಲ್ಲೇ ಚಾರ್ಜ್ ಮಾಡಲು ಸಾಕೆಟ್. ದೊಡ್ಡ ಮಲಗುವ ಕೋಣೆ 13.5 ಚದರ ಮೀಟರ್, ಮೂರು ಮೀಟರ್ ಅಗಲ (ಸಾಮಾನ್ಯ ಮನೆಯಲ್ಲಿ 11.5 ಸಾಕು). ಮೂವರ ಮನೆಯಾದರೆ ಹಾಲ್, ಊಟ, ಅಡುಗೆ ಸೇರಿ 27 ಚದರ ಮೀಟರ್. ಮಲಗುವ ಕೋಣೆಯ ಚಾವಣಿ 200 ಕೆಜಿ ಭಾರ ಎತ್ತುವ ಹಾಯಿಸ್ಟ್ (ವ್ಯಕ್ತಿಯನ್ನು ಎತ್ತಿ ಸಾಗಿಸುವ ಸಾಧನ) ಹೊರಬೇಕು. ಎರಡು ಬೆಡ್‌ರೂಮಿನ ಮೂವರ ಸಾಮಾನ್ಯ ಫ್ಲ್ಯಾಟಿನ ಕನಿಷ್ಠ ವಿಸ್ತೀರ್ಣ 61 ಚದರ ಮೀಟರ್. ವೀಲ್‌ಚೇರ್ ಮನೆಗೂ 61ರ ಆಸುಪಾಸೇ ತೋರಿಸಿದ್ದರೆ ಅಲ್ಲೇ ಕೆಂಪು ಗುರುತು ಹಾಕಿ, ಸಾಮಾನು ಸಮೇತ ಬಿಡಿಸಿದ ನಕ್ಷೆ ಕೇಳಿ. ಖಾಲಿ ಕೋಣೆಯಲ್ಲಿ 1500ರ ವೃತ್ತ ಯಾರು ಬೇಕಾದರೂ ಬರೆಯಬಹುದು; ಮಂಚ, ಬೀರು, ಸೋಫಾ ಇಟ್ಟ ಮೇಲೆ ಉಳಿಯುತ್ತದಾ ಅನ್ನೋದು ಪ್ರಶ್ನೆ.

ಕಟ್ಟುವಾಗ ಎಲ್ಲಿ ಕೆಡುತ್ತದೆ? ನನ್ನ ಪ್ರಕಾರ ಮೂರು ಜಾಗ.

ಒಂದು, ಬಾಗಿಲು. ಬಾಗಿಲ ಹಲಗೆಯ ಅಗಲ ಬೇರೆ, ತೆರವು ಬೇರೆ. 90 ಡಿಗ್ರಿ ತೆರೆದಾಗ ಹಲಗೆಯ ದಪ್ಪವೇ ಒಂದಿಷ್ಟು ಜಾಗ ತಿನ್ನುತ್ತದೆ, ಆ ಕಡೆ ಚೌಕಟ್ಟಿನ ಪಟ್ಟಿ ಇನ್ನೊಂದಿಷ್ಟು. ಬೆಂಕಿ ತಡೆಯುವ ಬಾಗಿಲು ದಪ್ಪ, ಅದು ಇನ್ನೂ ತಿನ್ನುತ್ತದೆ. ಗುತ್ತಿಗೆದಾರ ಹಲಗೆಯ ಅಗಲ ನೋಡಿ ಆರ್ಡರ್ ಮಾಡಿದರೆ 850 ಬೇಕಾದಲ್ಲಿ 820 ಬಂದು ಕೂರುತ್ತದೆ, ಆಮೇಲೆ ಗೋಡೆ ಒಡೆಯದೆ ಸರಿಯಾಗಲ್ಲ. ಜೊತೆಗೆ ಚಿಲಕದ ಪಕ್ಕ 300 ಮಿಮೀ ಖಾಲಿ ಗೋಡೆ ಬೇಕು. ಅದಿಲ್ಲದಿದ್ದರೆ ಕುರ್ಚಿಯಲ್ಲಿ ಕೂತವರು ಚಿಲಕ ಹಿಡಿದು ಬಾಗಿಲನ್ನು ತಮ್ಮ ಕಡೆಗೆ ಎಳೆಯುವಾಗ ಅದು ಅವರ ಕಾಲಿಗೇ ಬಡಿಯುತ್ತದೆ. ಆ 300ರಲ್ಲಿ ರೇಡಿಯೇಟರ್ ತಂದು ಕೂರಿಸುವುದು ಮಾಮೂಲಿ.

ಎರಡು, ಬಚ್ಚಲು. ಕೈಹಿಡಿ ಹಾಕಲು ಗೋಡೆಗೆ ಒಳಗಿನಿಂದ ಬಲ ಬೇಕು. ಜಿಪ್ಸಮ್ ಬೋರ್ಡಿನ ಹಿಂದೆ ಪ್ಲೈವುಡ್ ಹಾಕಿದ್ದಾರಾ ಅನ್ನೋದು ಟೈಲ್ಸ್ ಹಾಕಿದ ಮೇಲೆ ಗೊತ್ತಾಗಲ್ಲ. ಬೋರ್ಡ್ ಮುಚ್ಚುವ ಮುಂಚೆ ಪ್ರತಿ ಬಚ್ಚಲಿನ ಫೋಟೋ ತೆಗೆದು ಮನೆಯ ಕಡತದಲ್ಲಿ ಇಡಬೇಕು ಅಂತ ಒಪ್ಪಂದದಲ್ಲಿ ಸೇರಿಸಿ. ಅದೇ ರೀತಿ ಮುಂದೆ ಸಮತಟ್ಟಾದ ಶವರ್ ಮಾಡಲು ನೀರು ಹೋಗುವ ಕೊಳವೆ ಮತ್ತು ಇಳಿಜಾರಿನ ಆಳ ಸ್ಲ್ಯಾಬ್ ಹಾಕುವಾಗಲೇ ಬಿಡಬೇಕು. ಆಗ ಬಿಡದಿದ್ದರೆ ಮುಂದೆ ಕಾಂಕ್ರೀಟ್ ಕೊರೆಯಬೇಕು, ಇಲ್ಲವೇ ಮೆಟ್ಟಿಲಿರುವ ಶವರ್ ತಟ್ಟೆಗೆ ತೃಪ್ತಿಪಡಬೇಕು.

ಮೂರು, ಹೊರಗಿನ ನೆಲ. ಒಳಗೆ ಎಲ್ಲ ಸರಿ ಮಾಡಿ, ಕೊನೆಯಲ್ಲಿ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರ ಬಂದು ಕಲ್ಲುಹಾಸನ್ನು 40 ಮಿಮೀ ಕೆಳಗೆ ಹಾಕಿ ಹೋಗುತ್ತಾನೆ, ನೀರು ಒಳಗೆ ಬರುತ್ತದೆ ಅನ್ನುವ ಭಯಕ್ಕೆ. ಅದಕ್ಕೆ ಪರಿಹಾರ ಹೊಸ್ತಿಲಿನ ಉದ್ದಕ್ಕೂ ಜಾಲರಿ ಮುಚ್ಚಿದ ಚರಂಡಿ. ಅದು ನಕ್ಷೆಯಲ್ಲೇ ಇರಬೇಕು. ಗ್ಯಾರೇಜ್ ಜಾಗ ಅಂದರೆ ಎತ್ತರ ತಗ್ಗು ಇದ್ದೇ ಇರುತ್ತದೆ: 1:12 ಇಳಿಜಾರು 2 ಮೀಟರ್‌ವರೆಗೆ ಮಾತ್ರ, 1:15 ಆದರೆ 5 ಮೀಟರ್, 1:20 ಆದರೆ 10 ಮೀಟರ್. ಒಂದೇ ಇಳಿಜಾರಿನಲ್ಲಿ ಅರ್ಧ ಮೀಟರ್ ಏರಬೇಕಾದರೆ 10 ಮೀಟರ್ ಉದ್ದದ ದಾರಿ ಬೇಕು. ಅಷ್ಟು ಜಾಗ ಸೈಟಿನಲ್ಲಿದೆಯಾ ಅಂತ ಮೊದಲೇ ನೋಡಿ.

ಹಂಚಿಕೆಕಟ್ಟೆ:

ನಕ್ಷೆಪೆಟ್ಟಿಗೆಯವರು ಹೇಳಿದ್ದಕ್ಕೆ ಎರಡು ಮಾತಿಲ್ಲ. ಆದರೆ ಅಷ್ಟು ಚೆನ್ನಾಗಿ ಕಟ್ಟಿದ ಮನೆ ಕೊನೆಗೆ ತಪ್ಪು ಕೈಗೆ ಹೋಗುವುದು ಹಂಚಿಕೆಯಲ್ಲಿ. ನನಗೆ ಕೇಳಿದರೆ ನಿಮ್ಮ ಸಮಿತಿ ಅರ್ಧ ಶಕ್ತಿ ಇಲ್ಲಿ ಹಾಕಬೇಕು.

ಮಾಮೂಲಿ ಕಥೆ ಹೀಗೆ. ಕಟ್ಟಡ ಮುಗಿಯಲು ಕೆಲವೇ ವಾರ ಇದ್ದಾಗ ಮನೆಗಳನ್ನು ಬಿಡ್ಡಿಂಗ್ ವೆಬ್‌ಸೈಟಿಗೆ (ಕಾಯುತ್ತಿರುವವರು ತಮಗೆ ಬೇಕಾದ ಮನೆಗೆ ಹೆಸರು ಕೊಡುವ ಜಾಗ, ಹಣದ ಹರಾಜಲ್ಲ) ಹಾಕುತ್ತಾರೆ. ಹೌಸಿಂಗ್ ರಿಜಿಸ್ಟರ್‌ನಲ್ಲಿ (ಮನೆಗೆ ಕಾಯುವವರ ಪಟ್ಟಿಯಲ್ಲಿ) ‘ವೈದ್ಯಕೀಯ ಅಗತ್ಯ: ಹೌದು’ ಅಂತ ಒಂದು ಟಿಕ್ ಇರುತ್ತದೆ, ವೀಲ್‌ಚೇರ್ ಒಳಗೆ ಬಳಸುತ್ತಾರಾ ಹೊರಗೆ ಮಾತ್ರವಾ, ಹಾಯಿಸ್ಟ್ ಬೇಕಾ, ಕುರ್ಚಿಯಿಂದ ಕಮೋಡಿಗೋ ಮಂಚಕ್ಕೋ ಸರಿಯುವುದು ಎಡಗಡೆಯಿಂದಲಾ ಬಲಗಡೆಯಿಂದಲಾ, ಏನೂ ಇರಲ್ಲ. ಯಾರೋ ಬಿಡ್ ಹಾಕುತ್ತಾರೆ, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಓಡಾಟ, ಕೆಲಸಕ್ಕೆ ಮನೆ ಹೊಂದುತ್ತದಾ ಅಂತ ನೋಡುವ ತಜ್ಞರು) ಹೋಗಿ ನೋಡಿ ‘ಇವರಿಗೆ ಹೊಂದಲ್ಲ’ ಅನ್ನುತ್ತಾರೆ, ಎರಡನೆಯವರೂ ಹಾಗೇ. ಅಷ್ಟರಲ್ಲಿ ಮನೆ ಖಾಲಿ ಇದ್ದು ಬಾಡಿಗೆ ನಷ್ಟ ಲೆಕ್ಕಕ್ಕೆ ಬರುತ್ತದೆ, ಮೇಲಿನಿಂದ ಒತ್ತಡ, ಕೊನೆಗೆ ವೀಲ್‌ಚೇರ್ ಬಳಸದ ಕುಟುಂಬಕ್ಕೆ ಕೊಟ್ಟು ಮುಗಿಸುತ್ತಾರೆ. ಮತ್ತೆ ಆ ಮನೆ ಖಾಲಿಯಾಗುವುದು ಎಷ್ಟೋ ವರ್ಷಕ್ಕೆ.

ತಪ್ಪಿಸುವ ದಾರಿ:

ಗೋಡೆ ಏಳುವ ಮುಂಚೆಯೇ, ಅಂದರೆ ಒಳಗಿನ ಪಾರ್ಟಿಷನ್ ಮತ್ತು ಪೈಪು ನಿಗದಿಯಾಗುವ ಮೊದಲು, ಆರು ಮನೆಗೆ ಆರು ಕುಟುಂಬವನ್ನು ನೇರ ಆಯ್ಕೆ ಮಾಡಬೇಕು, ಬಿಡ್ಡಿಂಗ್ ಬೇಡ. ಒಂದೆರಡು ಕಾಯ್ದಿರಿಸಿದ ಹೆಸರೂ ಇರಲಿ. ಥೆರಪಿಸ್ಟ್ ಆ ಕುಟುಂಬದ ಜೊತೆ ಕೂತು ಅಡುಗೆಕಟ್ಟೆಯ ಎತ್ತರ, ಕಮೋಡಿನ ಯಾವ ಪಕ್ಕ ಖಾಲಿ ಬಿಡಬೇಕು, ಹಾಯಿಸ್ಟ್‌ನ ಹಳಿ ಎಲ್ಲಿಂದ ಎಲ್ಲಿಗೆ ಅಂತ ಬರೆದು ಗುತ್ತಿಗೆದಾರನಿಗೆ ಕೊಡಬೇಕು. ಈ ಹಂತದಲ್ಲಿ ಬದಲಾಯಿಸುವುದು ಕಾಗದದ ಮೇಲಿನ ಗೆರೆ. ಮುಗಿದ ಮೇಲೆ ಅದೇ ಬದಲಾವಣೆಗೆ ಹಣ ಹೌಸಿಂಗ್ ರೆವೆನ್ಯೂ ಅಕೌಂಟ್‌ನಿಂದಲೇ ಹೋಗಬೇಕು, ಯಾಕೆಂದರೆ ತನ್ನದೇ ಬಾಡಿಗೆದಾರರ ಮನೆ ಮಾರ್ಪಾಡಿಗೆ ಕೌನ್ಸಿಲ್ ಸಾಮಾನ್ಯವಾಗಿ ಆ ಖಾತೆಯಿಂದ ಕೊಡುತ್ತದೆ. ಅಂದರೆ ಎಲ್ಲ ಬಾಡಿಗೆದಾರರ ದುಡ್ಡು.

ಯಾವ ಗಾತ್ರದ ಮನೆ ಅನ್ನೋದೂ ಇಲ್ಲೇ ತೀರ್ಮಾನ ಆಗಬೇಕು. ಅಗ್ಗ ಅಂತ ಆರೂ ಮನೆಯನ್ನು ಒಂದು ಬೆಡ್‌ರೂಮ್ ಮಾಡಿಬಿಡುತ್ತಾರೆ. ವೀಲ್‌ಚೇರ್ ಬಳಸುವವರಿಗೂ ಮಕ್ಕಳಿರುತ್ತಾರೆ, ವೀಲ್‌ಚೇರ್ ಬಳಸುವ ಮಕ್ಕಳೂ ಇರುತ್ತಾರೆ. ರಿಜಿಸ್ಟರ್‌ನಲ್ಲಿ ಎಂ4(3) ಬೇಕಾದವರು ಎಷ್ಟು ಬೆಡ್‌ರೂಮಿಗೆ ಕಾಯುತ್ತಿದ್ದಾರೆ ಅನ್ನುವ ಪಟ್ಟಿ, ಹೆಸರು ತೆಗೆದು, ಕೇಳಿ. ಹೆಚ್ಚುವರಿ ಕೋಣೆಗೆ ಬೆಡ್‌ರೂಮ್ ಟ್ಯಾಕ್ಸ್ (2013ರಿಂದ ಇದೆ, ಒಂದು ಕೋಣೆಗೆ ಬಾಡಿಗೆ ನೆರವಿನಲ್ಲಿ ಶೇ 14, ಎರಡಕ್ಕೆ ಶೇ 25 ಕಡಿತ) ಬೀಳುತ್ತದೆ ಅಂತ ಯಾರಾದರೂ ಹೆದರಿಸಿದರೆ, ರಾತ್ರಿ ಉಳಿಯುವ ಆರೈಕೆದಾರರ ಕೋಣೆ, ಅಂಗವೈಕಲ್ಯದಿಂದ ಒಂದೇ ಕೋಣೆಯಲ್ಲಿ ಮಲಗಲಾಗದ ದಂಪತಿಗೆ ಅಥವಾ ಮಗುವಿಗೆ ಬೇಕಾದ ಕೋಣೆ ಹೆಚ್ಚುವರಿ ಅಂತ ಎಣಿಕೆಯಾಗಲ್ಲ ಅಂತ ತಿಳಿಸಿ. ವೈದ್ಯಕೀಯ ಸಾಮಾನು ಇಡುವ ಕೋಣೆಗೆ ಮಾತ್ರ ಹಾಗೆ ತಾನಾಗಿ ವಿನಾಯಿತಿ ಇಲ್ಲ. ಅದಕ್ಕೇ ಮನೆಯೊಳಗಿನ ಆ 1100 × 1700 ಜಾಗ, ದಾಸ್ತಾನು ಎಲ್ಲ ಮುಖ್ಯ.

ತುಂಗಾತೀರ:

ಇಬ್ಬರಿಗೂ ತುಂಬ ಧನ್ಯವಾದ. ಎರಡು ಸಂದೇಹ. ಒಂದು, ಈ ಯೋಜನೆಗೆ ಮಾತ್ರ ‘ಲೋಕಲ್ ಲೆಟಿಂಗ್ಸ್ ಪ್ಲಾನ್’ ಮಾಡುತ್ತಾರಂತೆ: ಊರಿನಲ್ಲಿ ಬಹಳ ವರ್ಷದಿಂದ ಇರುವವರಿಗೆ, ಕೆಲಸದಲ್ಲಿರುವವರಿಗೆ ಆದ್ಯತೆ. ಸಮಿತಿಯಲ್ಲಿ ಹಲವರಿಗೆ ಇದು ನ್ಯಾಯ ಅನ್ನಿಸುತ್ತದೆ. ಎರಡು, ಲಿಫ್ಟ್ ಖರ್ಚು ಉಳಿಸಲು ಒಂದು ಬ್ಲಾಕಿನಲ್ಲಿ ಮೇಲಿನ ಪ್ರತಿ ಫ್ಲ್ಯಾಟಿಗೂ ರಸ್ತೆಯಿಂದಲೇ ಸ್ವಂತ ಬಾಗಿಲು, ಸ್ವಂತ ಮೆಟ್ಟಿಲು ಕೊಡುವ ಇನ್ನೊಂದು ಆಯ್ಕೆ ತೋರಿಸಿದ್ದಾರೆ. ನಾರ್ವಿಚ್‌ನ ಉದಾಹರಣೆ ಕೊಟ್ಟರು.

ಹಂಚಿಕೆಕಟ್ಟೆ:

ಮೊದಲನೆಯದಕ್ಕೆ. ಲೋಕಲ್ ಲೆಟಿಂಗ್ಸ್ ಪ್ಲಾನ್ ಕಾನೂನುಬಾಹಿರ ಅಲ್ಲ. ಹೌಸಿಂಗ್ ಆ್ಯಕ್ಟ್ 1996ರಲ್ಲೇ ಅದಕ್ಕೆ ಜಾಗ ಇದೆ. ಆದರೆ ಅದೇ ಕಾಯ್ದೆ ಮನೆಯಿಲ್ಲದವರು, ಇಕ್ಕಟ್ಟಿನಲ್ಲಿರುವವರು, ಆರೋಗ್ಯ ಅಥವಾ ಅಂಗವೈಕಲ್ಯದ ಕಾರಣಕ್ಕೆ ಮನೆ ಬದಲಿಸಬೇಕಾದವರಿಗೆ ಒಟ್ಟು ಹಂಚಿಕೆಯಲ್ಲಿ ಆದ್ಯತೆ ಕೊಡಲೇಬೇಕು ಅನ್ನುತ್ತದೆ. ‘ಕೆಲಸದಲ್ಲಿರುವವರಿಗೆ’ ಅಂದ ಕೂಡಲೇ ಅಂಗವಿಕಲರು, ಆರೈಕೆ ಮಾಡುವವರು, ಚಿಕ್ಕ ಮಕ್ಕಳ ಒಂಟಿ ತಾಯಂದಿರು ಹಿಂದೆ ಸರಿಯುತ್ತಾರೆ. ‘ಇಷ್ಟು ವರ್ಷ ಇಲ್ಲೇ ಇದ್ದವರಿಗೆ’ ಅಂದರೆ ನಿರಾಶ್ರಿತರು, ಅಲೆಮಾರಿ ಸಮುದಾಯದವರು ಹಿಂದೆ ಸರಿಯುತ್ತಾರೆ. ಲಂಡನ್ನಿನ ಹಿಲಿಂಗ್ಡನ್ ಕೌನ್ಸಿಲ್‌ನ 10 ವರ್ಷ ವಾಸದ ನಿಯಮದ ಬಗ್ಗೆ 2019ರಲ್ಲಿ ಕೋರ್ಟ್ ಆಫ್ ಅಪೀಲ್ ಇದೇ ಕಾರಣಕ್ಕೆ ತಕರಾರು ಎತ್ತಿತು: ಐರಿಷ್ ಅಲೆಮಾರಿಗಳಿಗೂ ಬ್ರಿಟಿಷರಲ್ಲದ ನಿರಾಶ್ರಿತರಿಗೂ ಪರೋಕ್ಷ ತಾರತಮ್ಯ ಆಗುತ್ತದೆ, ಅದಕ್ಕೆ ಕೌನ್ಸಿಲ್ ಸರಿಯಾದ ಸಮರ್ಥನೆ ಕೊಟ್ಟಿಲ್ಲ ಅಂತ.

ಹಾಗಾಗಿ ಪ್ಲಾನ್ ಬೇಡವೇ ಬೇಡ ಅನ್ನಬೇಡಿ. ಸಂಬಳದ ಕೆಲಸದ ಜೊತೆ ಆರೈಕೆ, ಕೆಲಸ ಮಾಡಲಾಗದ ಅಂಗವೈಕಲ್ಯ, ಎರಡನ್ನೂ ಸಮಾನವಾಗಿ ಎಣಿಸಿ ಅನ್ನಿ. ಎಂ4(3) ಮನೆಗಳನ್ನು ಪ್ಲಾನಿನಿಂದ ಪೂರ್ತಿ ಹೊರಗಿಡಿ ಅನ್ನಿ. ಮೊದಲ ಹಂಚಿಕೆಗೆ ಮಾತ್ರ ಅನ್ವಯ ಅಂತ ಮಿತಿ ಹಾಕಿಸಿ. ಮತ್ತೆ ಈಕ್ವಾಲಿಟಿ ಆ್ಯಕ್ಟ್ 2010ರ ಸೆಕ್ಷನ್ 149ರ ಹೊಣೆ (ಸಾರ್ವಜನಿಕ ಸಂಸ್ಥೆಗಳು ತೀರ್ಮಾನ ಮಾಡುವಾಗ ಸಮಾನತೆಯನ್ನು ಗಮನಿಸಬೇಕು ಅನ್ನುವುದು) ತೀರ್ಮಾನಕ್ಕೆ ಮುಂಚೆಯೇ ನಿಭಾಯಿಸಬೇಕಾದ್ದು. ಸಮಾನತೆಯ ಪರಿಣಾಮ ವರದಿ ಕೌನ್ಸಿಲ್‌ನ ಕ್ಯಾಬಿನೆಟ್ ಸಭೆಯ ಕಾಗದಗಳ ಜೊತೆಗೇ ಇರಬೇಕು. ಸಭೆ ಮುಗಿದ ಮೇಲೆ ಬರೆದದ್ದು ಬರೀ ಶಾಸ್ತ್ರಕ್ಕೆ.

ನಕ್ಷೆಪೆಟ್ಟಿಗೆ:

ನಾರ್ವಿಚ್ ಅಂದರೆ ಗೋಲ್ಡ್‌ಸ್ಮಿತ್ ಸ್ಟ್ರೀಟ್ ಇರಬೇಕು. 2019ರ ಸ್ಟರ್ಲಿಂಗ್ ಪ್ರಶಸ್ತಿ (ವಾಸ್ತುಶಿಲ್ಪದ್ದು) ಪಡೆದ ಕೌನ್ಸಿಲ್ ಮನೆಗಳು, ನೂರಕ್ಕೂ ಹೆಚ್ಚು ಮನೆ, ಪ್ಯಾಸಿವ್‌ಹೌಸ್ (ಬಿಸಿಮಾಡಲು ಬಹಳ ಕಡಿಮೆ ಇಂಧನ ಸಾಕಾಗುವ) ಮಟ್ಟದವು. ಬಹಳ ಒಳ್ಳೆಯ ಕೆಲಸ. ಕತ್ತಲೆ ಓಣಿ ಇಲ್ಲ, ಪ್ರತಿ ಮನೆಗೂ ಬೀದಿಗೆ ಬಾಗಿಲು, ಕಾರುಗಳನ್ನು ಅಂಚಿಗೆ ತಳ್ಳಿದ್ದಾರೆ, ಬಿಸಿಮಾಡುವ ಖರ್ಚು ಕಡಿಮೆ. ಕಡಿಮೆ ಆದಾಯದ ಮನೆಗೆ ಕೊನೆಯದೇ ದೊಡ್ಡ ಸಮಾನತೆ ಅಂತ ನಾನು ವಾದಿಸಬಲ್ಲೆ. ಆದರೆ ಸ್ವಂತ ಮೆಟ್ಟಿಲು ಅಂದರೆ ಮೇಲಿನ ಫ್ಲ್ಯಾಟಿಗೆ ಮೆಟ್ಟಿಲಿಲ್ಲದ ದಾರಿ ಇಲ್ಲ, ಅಂದರೆ ಅದು ಎಂ4(2) ಆಗಲು ಸಾಧ್ಯವೇ ಇಲ್ಲ. ನಾಲ್ಕು ಮಹಡಿಯ ಬ್ಲಾಕಿನಲ್ಲಿ ಅದನ್ನು ಮಾಡಿದರೆ ಅರ್ಧಕ್ಕೂ ಹೆಚ್ಚು ಮನೆ ಮುದುಕರಿಗೆ, ಕಾಲು ನೋವಿನವರಿಗೆ, ತಳ್ಳುಗಾಡಿಯ ಮಗುವಿನವರಿಗೆ ಮುಚ್ಚಿದ ಹಾಗೆ. ಎರಡು ಅಂತಸ್ತಿನ ಸಾಲಿಗೆ ಆ ಮಾದರಿ ತನ್ನಿ, ಬ್ಲಾಕಿಗೆ ಬೇಡ.

ಬದಲಿಗೆ ಇದನ್ನು ಕೇಳಿ: ಎರಡು ಬ್ಲಾಕು ಪಕ್ಕಪಕ್ಕ ಇದ್ದರೆ ಪ್ರತಿ ಮಹಡಿಯಲ್ಲೂ ಒಂದು ಸೇತುವೆ ಓಣಿ. ಒಂದು ಲಿಫ್ಟ್ ಕೆಟ್ಟಾಗ ಇನ್ನೊಂದರಿಂದ ಹೋಗಬಹುದು. ಅದಾಗದಿದ್ದರೆ, ಒಂದೇ ಲಿಫ್ಟ್ ಇರುವ ಬ್ಲಾಕಿನಲ್ಲಿ ವೀಲ್‌ಚೇರ್ ಮನೆಗಳನ್ನು ನೆಲಮಹಡಿಗೇ ಇಡಿ. ‘ಎಲ್ಲ ಮಹಡಿಗೂ ಹಂಚಿದರೆ ಸಮಾನತೆ’ ಅನ್ನುವವರಿದ್ದಾರೆ. ಲಿಫ್ಟ್ ಬಿಡಿಭಾಗಕ್ಕೆ ವಾರಗಟ್ಟಲೆ ಕಾಯುವಾಗ ಮೂರನೇ ಮಹಡಿಯಲ್ಲಿ ಸಿಕ್ಕಿಬಿದ್ದವರನ್ನು ಕೇಳಲಿ. ಲಿಫ್ಟ್ ಪೆಟ್ಟಿಗೆ ಒಳಗೆ ಕನಿಷ್ಠ 1100 × 1400, ಬಾಗಿಲು 800, ಮುಂದೆ 1500 × 1500 ಜಾಗ.

ಬಾಡಿಗೆಲೆಕ್ಕ:

ಯಾರೂ ಬಾಡಿಗೆ ಬಗ್ಗೆ ಮಾತಾಡಿಲ್ಲ. ‘ಅಫೋರ್ಡಬಲ್’ ಅನ್ನೋದು ಇಲ್ಲಿ ಬರೀ ಬಣ್ಣನೆ ಅಲ್ಲ, ಒಂದು ಬಗೆಯ ಬಾಡಿಗೆಯ ಹೆಸರೂ ಹೌದು. ಅಫೋರ್ಡಬಲ್ ರೆಂಟ್ ಅಂದರೆ ಮಾರುಕಟ್ಟೆ ಬಾಡಿಗೆಯ ಶೇ 80ರವರೆಗೆ, ಸರ್ವಿಸ್ ಚಾರ್ಜ್ ಸೇರಿ. ಸೋಶಿಯಲ್ ರೆಂಟ್ ಅಂದರೆ ಆ ಪ್ರದೇಶದ ಸಂಬಳ, ಮನೆಯ ಮೌಲ್ಯ, ಬೆಡ್‌ರೂಮ್ ಸಂಖ್ಯೆ ಇಟ್ಟು ಸೂತ್ರದಿಂದ ಹಾಕುವ ಬಾಡಿಗೆ. ಬಹುತೇಕ ಕಡೆ ಸಾಕಷ್ಟು ಕಡಿಮೆ, ಆದರೆ ಸರ್ವಿಸ್ ಚಾರ್ಜ್ ಬೇರೆ. ಹೋಲಿಸುವಾಗ ಎರಡನ್ನೂ ಒಟ್ಟು ಮೊತ್ತಕ್ಕೆ ತಂದು ಹೋಲಿಸಿ, ಇಲ್ಲದಿದ್ದರೆ ಅಧಿಕಾರಿಗಳ ಪಟ್ಟಿಯಲ್ಲಿ ಅಂತರ ದೊಡ್ಡದಾಗೋ ಚಿಕ್ಕದಾಗೋ ಕಾಣುತ್ತದೆ.

ಮಕ್ಕಳಿರುವ ಕುಟುಂಬಕ್ಕೆ ಇದು ಯಾಕೆ ತಟ್ಟುತ್ತದೆ ಅಂದರೆ ಬೆನಿಫಿಟ್ ಕ್ಯಾಪ್, ಅಂದರೆ ಒಂದು ಮನೆಗೆ ಸಿಗುವ ಒಟ್ಟು ಸರ್ಕಾರಿ ನೆರವಿಗೆ ಹಾಕಿರುವ ಮಿತಿ. ಲಂಡನ್ ಹೊರಗೆ ದಂಪತಿಗೆ ಅಥವಾ ಮಕ್ಕಳಿರುವವರಿಗೆ 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಮಿತಿ ವರ್ಷಕ್ಕೆ 22,020 ಪೌಂಡ್, ತಿಂಗಳಿಗೆ 1,835. ಮೂರು ಬೆಡ್‌ರೂಮಿಗೆ ಮಾರುಕಟ್ಟೆಯ ಶೇ 80 ಹಾಕಿದರೆ ಅದರ ದೊಡ್ಡ ಪಾಲು ಬಾಡಿಗೆಗೇ ಹೋಗಿ, ಊಟಕ್ಕೆ ಉಳಿಯಬೇಕಾದ್ದು ಕಡಿತ ಆಗುತ್ತದೆ. ಪಿಐಪಿ (ಅಂಗವೈಕಲ್ಯಕ್ಕೆ ಕೊಡುವ ಸರ್ಕಾರಿ ನೆರವು) ಬರುವ ಮನೆಗೆ ಕ್ಯಾಪ್ ಅನ್ವಯಿಸಲ್ಲ, ಆದರೆ ಅರ್ಜಿ ತೀರ್ಮಾನವಾಗುವವರೆಗೆ ಅವರೂ ಸಿಕ್ಕಿಬೀಳುತ್ತಾರೆ. ಕನಿಷ್ಠ ದೊಡ್ಡ ಮನೆಗಳು ಮತ್ತು ಎಂ4(3) ಮನೆಗಳು ಸೋಶಿಯಲ್ ರೆಂಟ್ ಆಗಲಿ ಅಂತ ಕೇಳಿ. ಎಂ4(3) ಮನೆ ದೊಡ್ಡದು, ಮಾರುಕಟ್ಟೆ ಬಾಡಿಗೆಯ ಅಂದಾಜೂ ದೊಡ್ಡದಾಗಬಹುದು. ಅಂಗವೈಕಲ್ಯಕ್ಕೆ ಬಾಡಿಗೆ ಕಟ್ಟಿದಂತಾಗುತ್ತದೆ. ಹಣ ಎಲ್ಲಿ ಅಂದರೆ, 2026ರಿಂದ ಹತ್ತು ವರ್ಷಕ್ಕೆ ಘೋಷಿಸಿರುವ 3,900 ಕೋಟಿ ಪೌಂಡಿನ ಸರ್ಕಾರಿ ಕಾರ್ಯಕ್ರಮದಲ್ಲಿ ಕನಿಷ್ಠ ಶೇ 60 ಮನೆ ಸೋಶಿಯಲ್ ರೆಂಟ್ ಆಗಬೇಕೆಂಬ ಗುರಿಯಿದೆ. ಅದಕ್ಕೆ ಅರ್ಜಿ ಹಾಕುತ್ತಾರಾ ಅಂತ ನೇರ ಕೇಳಿ.

ರೈಟ್ ಟು ಬೈ (ಬಾಡಿಗೆದಾರರು ತಮ್ಮ ಕೌನ್ಸಿಲ್ ಮನೆಯನ್ನು ರಿಯಾಯಿತಿ ದರಕ್ಕೆ ಕೊಳ್ಳುವ ಹಕ್ಕು) ಬಗ್ಗೆಯೂ ಒಂದು ಸಾಲು. 2024ರ ನವೆಂಬರ್‌ನಲ್ಲಿ ಗರಿಷ್ಠ ರಿಯಾಯಿತಿಯನ್ನು ಪ್ರದೇಶಕ್ಕೆ ತಕ್ಕಂತೆ 16,000 ಮತ್ತು 38,000 ಪೌಂಡ್‌ಗಳ ನಡುವಿನ ಮೊತ್ತಕ್ಕೆ ಇಳಿಸಿದರು. ಹೊಸ ಮನೆಗೆ ಕಾಸ್ಟ್ ಫ್ಲೋರ್ ನಿಯಮವೂ ಇದೆ: ಕಟ್ಟಿದ 15 ವರ್ಷದೊಳಗೆ, ರಿಯಾಯಿತಿ ಕೊಟ್ಟು ಕಟ್ಟಿದ ಖರ್ಚಿಗಿಂತ ಕೆಳಗೆ ಮಾರುವಂತಿಲ್ಲ. ಹಾಗಾಗಿ ವೀಲ್‌ಚೇರ್ ಮನೆಗೆ ಸುರಿದ ಹೆಚ್ಚುವರಿ ಹಣದ ಲೆಕ್ಕ ಪ್ರತಿ ಮನೆಗೂ ಬೇರೆ ಬೇರೆ ಬರೆದಿಡಲಿ.

ತುಂಗಾತೀರ:

ಕೊನೆಯ ಪ್ರಶ್ನೆ. ಹಸ್ತಾಂತರದ ಮುಂಚೆ ಸಮಿತಿಯ ಇಬ್ಬರು ಹೋಗಿ ನೋಡಬಹುದು ಅಂದಿದ್ದಾರೆ. ಏನು ತಗೊಂಡು ಹೋಗೋಣ?

ನಕ್ಷೆಪೆಟ್ಟಿಗೆ:

ಟೇಪು, ಸ್ಪಿರಿಟ್ ಲೆವೆಲ್, ಸ್ಪ್ರಿಂಗ್ ತಕ್ಕಡಿ, ಹಳೇ ಬೆಡ್‌ಶೀಟಿನಲ್ಲಿ ಕತ್ತರಿಸಿದ 1500 ಮಿಮೀ ವೃತ್ತ ಒಂದು. ಜೊತೆಗೆ ವೀಲ್‌ಚೇರ್ ದಿನಾ ಬಳಸುವ ಒಬ್ಬರು, ಅವರ ಸಮಯಕ್ಕೆ ಹಣ ಕೊಟ್ಟು.

ಮೊದಲು ಕಟ್ಟಡದ ಮುಖ್ಯ ಬಾಗಿಲು. ಚಿಲಕಕ್ಕೆ ತಕ್ಕಡಿ ಸಿಕ್ಕಿಸಿ ಎಳೆಯಿರಿ. 30 ಡಿಗ್ರಿವರೆಗೆ 30 ನ್ಯೂಟನ್, ಅಂದರೆ ಸುಮಾರು 3 ಕೆಜಿ. 30ರಿಂದ 60 ಡಿಗ್ರಿಗೆ 22.5 ನ್ಯೂಟನ್. ಕ್ಲೋಸರ್ (ಬಾಗಿಲನ್ನು ತಾನಾಗಿ ಮುಚ್ಚುವ ಸಾಧನ) ಬಿಗಿ ಮಾಡಿ ಬಿಟ್ಟಿರುತ್ತಾರೆ, ಮೀರಿದ್ದರೆ ಸಡಿಲಿಸಬೇಕು, ಸಡಿಲಿಸಿದರೆ ಬಾಗಿಲು ಬೀಗ ಹಿಡಿಯುತ್ತಿಲ್ಲ ಅಂದರೆ ವಿದ್ಯುತ್ ತೆರೆಯುವ ಯಂತ್ರ ಬೇಕು. ಕರೆಗಂಟೆಯ ಪ್ಯಾನೆಲ್ 900ರಿಂದ 1000 ಮಿಮೀ ಎತ್ತರದಲ್ಲಿ, ಮೂಲೆಯಿಂದ 300 ದೂರ. ಆಮೇಲೆ ಕಸದ ಕೋಣೆಗೆ ಹೋಗಿ. ಎಲ್ಲರೂ ಮರೆಯುವ ಜಾಗ: ಬಾಗಿಲಲ್ಲಿ ಮೆಟ್ಟಿಲು, ಒಳಗೆ ತಿರುಗಲು ಜಾಗ ಇಲ್ಲ, ಡಬ್ಬಿಯ ಮುಚ್ಚಳ ಕೈಗೆ ನಿಲುಕಲ್ಲ. ಅಂಚೆಪೆಟ್ಟಿಗೆ, ಮೀಟರ್, ನೀರಿನ ಮುಖ್ಯ ಕವಾಟ, ಹೀಟಿಂಗ್ ನಿಯಂತ್ರಣ, ಎಲ್ಲದರ ಎತ್ತರ ಬರೆದುಕೊಳ್ಳಿ.

ಮನೆಯೊಳಗೆ ಪ್ರತಿ ಬಾಗಿಲ ತೆರವು, ಹೊಸ್ತಿಲು, ಚಿಲಕದ ಪಕ್ಕದ 300. ಶವರ್ ನೆಲಕ್ಕೆ ಒಂದು ಬಕೆಟ್ ನೀರು ಸುರಿದು ಯಾವ ಕಡೆ ಓಡುತ್ತದೆ ನೋಡಿ, ಓಣಿಯ ಕಡೆ ಬಂದರೆ ಇಳಿಜಾರು ತಪ್ಪಿದೆ. ಎಲ್ಲ ಮನೆ ನಂಬರ್, ಅಳತೆ, ಫೋಟೋ ಸಮೇತ ಹಸ್ತಾಂತರದ ಸಹಿಗೆ ಮುಂಚೆಯೇ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇಮೇಲ್ ಮಾಡಿ. ಸಾಮಾನ್ಯವಾಗಿ 12 ತಿಂಗಳ ದೋಷ ಸರಿಪಡಿಸುವ ಅವಧಿ ಇರುತ್ತದೆ, ಅಲ್ಲಿಯವರೆಗೆ ಗುತ್ತಿಗೆದಾರನ ಹಣದ ಒಂದು ಪಾಲು ತಡೆಹಿಡಿದಿರುತ್ತಾರೆ. ಆ ಹಣ ಬಿಡುಗಡೆ ಮಾಡುವ ಮುಂಚೆ ಇನ್ನೊಮ್ಮೆ ಹೋಗಿ ಹೊರಗಿನ ಹಾಸು ಮಾತ್ರ ಅಳೆಯಿರಿ. ಒಂದು ಚಳಿಗಾಲ ಕಳೆದರೆ ಮಣ್ಣು ಕುಸಿದು ಹೊಸ್ತಿಲ ಮುಂದೆ 20–30 ಮಿಮೀ ತಗ್ಗು ಬಿದ್ದಿರುತ್ತದೆ.